ಕಲ್ಯಾಣದುರ್ಗದ ಮಿಲ್ಲಿಂಗ್ ಮೆಷಿನ್ನು

ನನ್ನ ಕಿವಿ ಒಂದೇ ಸಲಕ್ಕೆ ಹೋಗಲಿಲ್ಲ. ಹಿಂದೂಪುರದ ಹೊರವಲಯದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ಕೆಲಸದಲ್ಲಿದ್ದಾಗ ಮೊದಲು ಫೋನಿನ ಮಾತು ಮಸುಕಾಯಿತು. ಆಮೇಲೆ ಹಿಂದಿನಿಂದ ಯಾರಾದರೂ ಕರೆದರೆ ತಿಳಿಯದಾಯಿತು. ಬೆಂಗಳೂರಿನ ಡಾಕ್ಟರು ನರದ ತೊಂದರೆ ಎಂದರು. ಅವರು ಕೊಟ್ಟ ಯಂತ್ರವನ್ನು ಕಿವಿಗೆ ಹಾಕಿಕೊಂಡರೆ ಮನುಷ್ಯರ ಮಾತಿಗಿಂತ ಫ್ಯಾನಿನ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಎಡಗಿವಿಯ ಹತ್ತಿರ ಬಂದು ಗಟ್ಟಿಯಾಗಿ ಹೇಳಿದರೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ತುಟಿ ನೋಡಿ ಊಹಿಸಿಕೊಳ್ಳುತ್ತಿದ್ದೆ. ಅಲಾರಂ ಕೇಳಿಸದವನನ್ನು ವಿದ್ಯುತ್ ಪ್ಯಾನೆಲ್ ಮುಂದೆ ನಿಲ್ಲಿಸುವುದು ಹೇಗೆ ಎಂದು ಮ್ಯಾನೇಜರು ಒಂದು ಚೀಟಿಯಲ್ಲಿ ಬರೆದು ತೋರಿಸಿದರು. ಅವರು ಕೆಟ್ಟವರಲ್ಲ. ನಾನು ಕೆಲಸ ಬಿಟ್ಟೆ.

ಹಿಂದೂಪುರದಲ್ಲೇ ಹುಣಸೆಹಣ್ಣಿನ ಮಂಡಿಯೊಂದರ ಮೇಲಿನ ಕೋಣೆ ಬಾಡಿಗೆಗೆ ಹಿಡಿದು, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ರೀವೈಂಡಿಂಗ್ ಕೆಲಸ ಶುರುಮಾಡಿದೆ. ನಮ್ಮದು ಗೋರಂಟ್ಲ ಕಡೆಯ ನೇಯ್ಗೆಯ ಮನೆ. ಅಣ್ಣಂದಿರು ಮಗ್ಗದ ಕೆಲಸ ಮುಂದುವರಿಸಿದ್ದರು. ಹಬ್ಬಕ್ಕೆ ಹೋದರೆ ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು, ಆದರೆ ಒಂದೇ ಮಾತನ್ನು ಮತ್ತೆ ಮತ್ತೆ ಕೂಗಿ ದಣಿದು ಕೊನೆಗೆ "ಏನಿಲ್ಲ ಬಿಡು" ಎನ್ನುತ್ತಿದ್ದರು. ಆ "ಏನಿಲ್ಲ ಬಿಡು" ಮಾತ್ರ ನನಗೆ ತುಟಿ ನೋಡಿದ ಕೂಡಲೇ ತಿಳಿಯುತ್ತಿತ್ತು. ಕ್ರಮೇಣ ಹೋಗುವುದನ್ನು ಕಡಿಮೆ ಮಾಡಿದೆ.

ಆ ದಿನಗಳಲ್ಲಿ ಬಸ್ ನಿಲ್ದಾಣದ ಹತ್ತಿರ ಒಂದು ಇಂಟರ್ನೆಟ್ ಸೆಂಟರ್ ಇತ್ತು. ಪ್ರತಿ ಭಾನುವಾರ ಅಲ್ಲಿ ಕೂರುವುದು ಅಭ್ಯಾಸವಾಯಿತು. ಸಾಮಾನ್ಯ ಕಂಪ್ಯೂಟರೊಂದನ್ನು ಲೋಹ ಕಡೆಯುವ ಲೇತ್, ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ನುಗಳನ್ನು ನಡೆಸುವ ಕಂಟ್ರೋಲರ್ ಆಗಿ ಮಾಡುವ ಒಂದು ಸಾಫ್ಟ್‌ವೇರ್ ಅಲ್ಲಿ ಕಣ್ಣಿಗೆ ಬಿತ್ತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನದನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ಬಳಸುವವರೆಲ್ಲ ಒಬ್ಬರಿಗೊಬ್ಬರು ಇ-ಮೇಲ್ ಬರೆಯುವ ಒಂದು ಬಳಗವೂ ಇತ್ತು. ನಾನು ಹರಕು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬರೆದೆ. ಮುಂದಿನ ವಾರ ಹೋದಾಗ ಉತ್ತರ ಕಾದಿತ್ತು. ಬರೆದವರು ವರ್ಷದ ಅರ್ಧ ಹಿಮ ಬೀಳುವ ದೇಶದವರು, ಲೇತ್ ಕೆಲಸದಿಂದ ನಿವೃತ್ತರಾದ ಟರ್ನರ್. ತಮ್ಮ ಗ್ಯಾರೇಜಿನಲ್ಲಿ ಒಂದು ಹಳೆಯ ಮೆಷಿನ್ನು ಇಟ್ಟುಕೊಂಡು ದಿನ ಕಳೆಯುತ್ತಿದ್ದರು. ನನ್ನ ಇಂಗ್ಲಿಷನ್ನು ಅವರು ಗಮನಿಸಿದಂತೆ ಕಾಣಲಿಲ್ಲ. ಅಲ್ಲಿ ನನ್ನ ಕಿವಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ಒಂದು ಮಾತು ಪೂರ್ತಿ ನನ್ನನ್ನು ತಲುಪುತ್ತಿದ್ದ ಜಾಗ ಅದೊಂದೇ.

ನಾನು ಸಾಮಾನು ಕೊಳ್ಳುತ್ತಿದ್ದ, ಇದೆಲ್ಲ ಗೊತ್ತಿದ್ದ ಬೇರಿಂಗ್ ಅಂಗಡಿಯವರು ಒಂದು ದಿನ ಕಲ್ಯಾಣದುರ್ಗದ ಹೆಂಗಸೊಬ್ಬರನ್ನು ನನ್ನ ಕೋಣೆಗೆ ಕರೆತಂದರು. ವಯಸ್ಸು ನಲವತ್ತರ ಆಸುಪಾಸು. ಗಂಡ ಅಲ್ಲಿ ಲೇತ್ ವರ್ಕ್‌ಶಾಪ್ ನಡೆಸುತ್ತಿದ್ದವರು, ಬೋರ್‌ವೆಲ್ ಪಂಪುಗಳ ಶಾಫ್ಟು, ಬುಷ್ಷು ಮಾಡಿಕೊಡುತ್ತಿದ್ದರು. ಬೆಂಗಳೂರಿನ ಹರಾಜಿನಲ್ಲಿ ಒಂದು ವಿದೇಶಿ ಮಿಲ್ಲಿಂಗ್ ಮೆಷಿನ್ನು ತಂದು ಇಳಿಸಿದ ಕೆಲವೇ ವಾರಗಳಲ್ಲಿ ಎದೆನೋವು ಬಂದು ತೀರಿಕೊಂಡಿದ್ದರು. ಮೆಷಿನ್ನಿನ ಕಂಟ್ರೋಲರ್ ಸತ್ತಿತ್ತು. ಅದನ್ನು ಮಾಡಿದ ಕಂಪನಿಯೂ ಈಗ ಇರಲಿಲ್ಲ.

"ನಮ್ಮ ಭಾವನೋರು ಗುಜರಿಗೆ ಹಾಕು ಅಂತಾರೆ. ಅದು ಓಡ್ತದೋ ಇಲ್ವೋ ಅಂತ ನಂಗೆ ಗೊತ್ತಾಗ್ಬೇಕು ಕಣಪ್ಪ. ಓಡ್ಲಿಲ್ಲಾಂದ್ರೆ ನಾನೇ ಕೈಯಾರ ಕೊಟ್ಬುಡ್ತೀನಿ" ಎಂದರು ಆಕೆ. ನನಗೆ ಅರ್ಧವಷ್ಟೇ ತಿಳಿಯಿತು. ಅಂಗಡಿಯವರು ನನ್ನ ಕಿವಿ ತೋರಿಸಿ ಏನೋ ಹೇಳಿದರು. ಆಕೆ ಎದ್ದು ಬಂದು ನನ್ನ ಎಡಕ್ಕೆ ಕುಳಿತು ಅದೇ ಮಾತನ್ನು ಮೊದಲಿನಿಂದ ಪೂರ್ತಿ ಹೇಳಿದರು, ಒಂದು ಪದವನ್ನೂ ಬಿಡದೆ. ನಾನು ಒಪ್ಪಿಕೊಂಡೆ.

ವಾರವೆಲ್ಲ ಕಲ್ಯಾಣದುರ್ಗದಲ್ಲಿ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿರುವುದು, ಶನಿವಾರ ಪಾವಗಡದಲ್ಲಿ ಬಸ್ಸು ಬದಲಿಸಿ ಹಿಂದೂಪುರಕ್ಕೆ ಬಂದು ಇ-ಮೇಲ್ ನೋಡಿ ಸೋಮವಾರ ವಾಪಸ್ಸಾಗುವುದು, ಹೀಗೆ ಮಳೆಗಾಲವೊಂದು ಕಳೆಯಿತು. ಕಲ್ಯಾಣದುರ್ಗದಲ್ಲೂ ಇಂಟರ್ನೆಟ್ ಇತ್ತು ಎನ್ನುತ್ತಿದ್ದರು, ನಾನು ಹೋದಾಗಲೆಲ್ಲ ಲೈನ್ ಇರುತ್ತಿರಲಿಲ್ಲ. ವರ್ಕ್‌ಶಾಪಿನ ಲೇತ್ ಕೆಲಸಗಾರರು ನನ್ನನ್ನು ನೋಡಿ ನಗುತ್ತಿದ್ದರು, ಕೈ ಮಾಡಿ ಊಟಕ್ಕೆ ಕರೆಯುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಸಂಜೆ ಅವರು ಹೋದ ಮೇಲೆ ಬೀದಿಗೆ ಬಂದು ನಿಂತರೆ ಬಸ್ಸುಗಳು, ಎತ್ತಿನಗಾಡಿಗಳು, ಜನ ಎಲ್ಲರೂ ಸದ್ದಿಲ್ಲದೆ ಹಾದುಹೋಗುತ್ತಿದ್ದರು.

ವರ್ಕ್‌ಶಾಪಿನ ಯಜಮಾನಿಯಾದ ಆ ಹೆಂಗಸು ನನ್ನ ಜೊತೆ ಮಾತಾಡಲು ಒಂದು ದಾರಿ ಕಂಡುಕೊಂಡರು. ಮೆಷಿನ್ನಿನ ಪಕ್ಕದಲ್ಲಿ ಒಂದು ಹಸಿರು ಕಬ್ಬಿಣದ ಬೀರು ಇತ್ತು. ಅದರ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಆಕೆ ಓದಿದ್ದು ತೆಲುಗು ಶಾಲೆಯಲ್ಲಿ, ಆದ್ದರಿಂದ ಮಾತು ಕನ್ನಡ, ಅಕ್ಷರ ತೆಲುಗು. "ಊಟ ಆಯ್ತಾ", "ಇದ್ಯಾಕೆ ಕೆಂಪು ಲೈಟು" ಎಂದೆಲ್ಲ ದುಂಡಗೆ ಬರೆದು ನಿಲ್ಲುತ್ತಿದ್ದರು. ಗಡಿಸೀಮೆಯವನಾದ ನನಗೆ ಎರಡೂ ಬರುತ್ತಿದ್ದವು, ಓದಿ ಬಾಯಲ್ಲಿ ಉತ್ತರ ಹೇಳುತ್ತಿದ್ದೆ.

ಹಳೆಯ ಮೋಟಾರುಗಳನ್ನು ತೆಗೆದು, ವಿದ್ಯುತ್ತಿನ ಒಂದು ತಟ್ಟಿಗೆ ಒಂದು ಹೆಜ್ಜೆಯಷ್ಟೇ ತಿರುಗುವ ಸ್ಟೆಪರ್ ಮೋಟಾರುಗಳನ್ನು ಕೂರಿಸಿದ್ದಾಯಿತು. ನಿಜವಾದ ಕಷ್ಟ ಆಮೇಲಿನದು. ಆ ಸಾಫ್ಟ್‌ವೇರಿಗೆ ನಮ್ಮ ಮೆಷಿನ್ನು ಎಂಥದೆಂದು ಒಂದು ಫೈಲಿನಲ್ಲಿ ಬರೆದು ಹೇಳಬೇಕು. ಲೋಹದ ತುಂಡು ಕೂರಿಸುವ ಟೇಬಲ್ಲು ಒಂದು ಮಿಲಿಮೀಟರ್ ಸರಿಯಲು ಮೋಟಾರಿಗೆ ಎಷ್ಟು ತಟ್ಟು ಕೊಡಬೇಕು, ಎಷ್ಟು ವೇಗದವರೆಗೆ ಹೋಗಬಹುದು, ಆ ವೇಗಕ್ಕೆ ಎಷ್ಟು ಬೇಗ ಏರಬಹುದು, ದಿಕ್ಕು ತಿರುಗಿಸಿದಾಗ ಟೇಬಲ್ಲನ್ನು ತಳ್ಳುವ ಸ್ಕ್ರೂ ಎಷ್ಟು ಸಡಿಲವಿದೆ, ಹೀಗೆ ಸಾಲು ಸಾಲಾಗಿ ಹೆಸರು, ಮುಂದೆ ಒಂದು ಅಂಕಿ. ಇವನ್ನೇ ಪ್ಯಾರಾಮೀಟರ್ ಎನ್ನುತ್ತಾರೆ. ಕಂಪನಿಯವರು ಮಾಡಿದ ಮೆಷಿನ್ನುಗಳಲ್ಲಿ ಅವರೇ ಇವನ್ನು ತುಂಬಿ ಮುಚ್ಚಿಟ್ಟಿರುತ್ತಾರೆ. ಇಲ್ಲಿ ಎಲ್ಲವೂ ತೆರೆದಿತ್ತು, ತಪ್ಪು ಅಂಕಿ ಬರೆದರೆ ಮೆಷಿನ್ನು ಅದನ್ನೂ ನಂಬುತ್ತಿತ್ತು.

ಮೊದಲ ಸಲ ಟೇಬಲ್ಲು ಸರಿದ ದಿನ ಯಜಮಾನಿ ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿದರು. ಅಳೆದು ನೋಡಿದರೆ ನೂರು ಮಿಲಿಮೀಟರ್ ಹೋಗು ಎಂದಿದ್ದಕ್ಕೆ ಅದು ನೂರ ಒಂದೂವರೆಗಿಂತಲೂ ಮೇಲೆ ಹೋಗಿತ್ತು. ಕಡಿಮೆ ದೂರಕ್ಕೆ ತಪ್ಪು ಕಡಿಮೆ, ಹೆಚ್ಚು ದೂರಕ್ಕೆ ಹೆಚ್ಚು. ಲೆಕ್ಕ ಮತ್ತೆ ಮಾಡಿದೆ, ವೈರು ಬದಲಿಸಿದೆ, ಏನೂ ಆಗಲಿಲ್ಲ. ಅದೇ ವಾರ ಆಕೆಯ ಗಂಡನ ಅಣ್ಣ, ಆ ಭಾವನವರು, ಬಂದರು. ಒಳ್ಳೆಯ ಬಿಳಿ ಷರಟು, ಸಾವಧಾನದ ಮನುಷ್ಯ. ಟೇಪು ಹಿಡಿದು ತಾವೇ ಅಳೆದು ನೋಡಿ, ನನಗೂ ಕೇಳುವಷ್ಟು ಗಟ್ಟಿಯಾಗಿ ತೆಲುಗಿನಲ್ಲಿ, "ಪಾತ ಇನುಮಮ್ಮಾ ಇದಿ" ಎಂದರು, ಹಳೇ ಕಬ್ಬಿಣ ಇದು ಅಂತ. ಯಜಮಾನಿ ಟೇಪನ್ನು ಅವರ ಕೈಯಿಂದ ಇಸಿದುಕೊಂಡು ಸುತ್ತಿಟ್ಟರು.

ಆ ಭಾನುವಾರ ನಾನು ಬರೆದ ಪ್ರಶ್ನೆಗೆ ದೂರದೇಶದ ಟರ್ನರ್ ಎರಡೇ ಸಾಲಿನ ಉತ್ತರ ಕೊಟ್ಟರು. ಸ್ಕ್ರೂವಿನ ಒಂದು ಸುತ್ತಿಗೆ ಐದು ಮಿಲಿಮೀಟರ್ ಎಂದು ನೀನು ಹಿಡಿದಿದ್ದೀಯ, ಆದರೆ ಮೆಷಿನ್ನಿನ ವಯಸ್ಸು ನೋಡಿದರೆ ಅದು ಇಂಚಿನ ಸ್ಕ್ರೂ ಇರಬೇಕು, ಐದು ಸುತ್ತಿಗೆ ಒಂದು ಇಂಚು, ನೋಡು ಎಂದು. ಹಾಗೆಯೇ ಇತ್ತು. ಆ ಒಂದು ಅಂಕಿ ತಿದ್ದಿದ ಮೇಲೆ ನೂರು ಎಂದರೆ ನೂರಕ್ಕೆ ಬಂದು ನಿಂತಿತು. ಅಂದಿನಿಂದ ಯಜಮಾನಿ ಅವರನ್ನು "ನಿಮ್ಮಣ್ಣ" ಎನ್ನತೊಡಗಿದರು. ಸೋಮವಾರ ನಾನು ಬಸ್ಸಿಳಿದು ಬಂದ ಕೂಡಲೇ ಬೀರುವಿನ ಮೇಲೆ "ನಿಮ್ಮಣ್ಣ ಏನಂದ್ರು" ಎಂದು ಬರೆದಿರುತ್ತಿತ್ತು.

ಇನ್ನೊಂದು ತೊಂದರೆಯನ್ನು ಹಿಡಿದವರು ಯಜಮಾನಿಯೇ. ನಾನು ತೆರೆಯ ಮೇಲಿನ ಅಂಕಿಗಳನ್ನು ನೋಡುತ್ತ ಟೇಬಲ್ಲನ್ನು ಜೋರಾಗಿ ಓಡಿಸುತ್ತಿದ್ದೆ. ಅಂಕಿಗಳು ಸರಿಯಾಗಿಯೇ ಓಡುತ್ತಿದ್ದವು. ಆಕೆ ಓಡಿಬಂದು ನನ್ನ ಭುಜ ತಟ್ಟಿ ಸ್ವಿಚ್ಚು ಆರಿಸಿದರು. ಟೇಬಲ್ಲು ನಡುದಾರಿಯಲ್ಲೇ ನಿಂತುಬಿಟ್ಟಿತ್ತು.

"ಕಿರುಚ್ತೈತೆ ಕಣ್ರಿ, ಕಿವಿ ಕಿತ್ತೋಗಂಗೆ ಕಿರುಚ್ತೈತೆ" ಎಂದರು ನನ್ನ ಎಡಗಿವಿಗೆ.

ಶಕ್ತಿಗೆ ಮೀರಿ ಬೇಗ ವೇಗ ಏರಿಸಿದರೆ ಸ್ಟೆಪರ್ ಮೋಟಾರು ತಿರುಗದೆ ಕೂಗುತ್ತದೆ. ಅದು ಕೇಳಿಸುವವರಿಗೆ ತಕ್ಷಣ ತಿಳಿಯುತ್ತದೆ, ನನಗೆ ತಿಳಿಯುವಂತಿರಲಿಲ್ಲ. ಆ ಮಧ್ಯಾಹ್ನ ಆಕೆ ಮೋಟಾರಿನ ಹತ್ತಿರ ಸ್ಟೂಲು ಹಾಕಿಕೊಂಡು ಕುಳಿತರು. ನಾನು ಅಂಕಿ ತಗ್ಗಿಸುವುದು, ಓಡಿಸುವುದು, ಆಕೆಯ ಕೈ ನೋಡುವುದು. ಸದ್ದು ಕೆಟ್ಟದ್ದಾದರೆ ಕೈ ಮೇಲೇಳುತ್ತಿತ್ತು. ತಗ್ಗಿಸುತ್ತ ತಗ್ಗಿಸುತ್ತ ಹೋದಂತೆ ಕೈ ಎತ್ತುವುದು ತಡವಾಗತೊಡಗಿತು, ಕೊನೆಗೆ ಮಡಿಲಲ್ಲೇ ಉಳಿಯಿತು. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಬೇಕೆಂದೇ ಇನ್ನೂ ಸ್ವಲ್ಪ ಹೊತ್ತು ಟೇಬಲ್ಲನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದೆ.

ಆದರೆ ಮಾರನೆಯ ದಿನದಿಂದ ಸಾಫ್ಟ್‌ವೇರೇ ಮೆಷಿನ್ನನ್ನು ನಿಲ್ಲಿಸತೊಡಗಿತು. ಟೇಬಲ್ಲು ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಅಂತರ ಹೆಚ್ಚಾಗಿದೆ ಎಂಬ ದೂರು ತೆರೆಯ ಮೇಲೆ ಬರುತ್ತಿತ್ತು. ಇದನ್ನೂ ಬರೆದು ಕೇಳಿದೆ. ಈ ಸಲದ ಉತ್ತರ ಉದ್ದವಾಗಿತ್ತು. ವೇಗ ಏರುವ ಮಿತಿಯನ್ನು ಫೈಲಿನಲ್ಲಿ ಎರಡು ಕಡೆ ಬರೆಯಬೇಕು, ದಾರಿ ಹಾಕುವ ಭಾಗಕ್ಕೊಂದು, ಆ ದಾರಿಯಲ್ಲಿ ಮೋಟಾರಿಗೆ ತಟ್ಟು ಕೊಡುವ ಭಾಗಕ್ಕೊಂದು. ನೀನು ಎರಡನೆಯದನ್ನು ಮಾತ್ರ ತಗ್ಗಿಸಿದ್ದೀಯ. ಹಿಂದೆ ಬರುವ ಆ ಎರಡನೆಯವನಿಗೆ ಮುಂದೆ ಹೋಗುವವನಿಗಿಂತ ತುಸು ಹೆಚ್ಚೇ ಅವಕಾಶ ಇರಬೇಕು, ಇಲ್ಲದಿದ್ದರೆ ಅವನು ಎಂದೂ ಜೊತೆಗೂಡಲಾರ ಎಂದು ಬರೆದಿದ್ದರು. ಕೊನೆಯಲ್ಲಿ, ಇಲ್ಲಿ ಈಗಾಗಲೇ ಚಳಿ ಶುರುವಾಗಿದೆ, ನಿಮ್ಮ ಊರಿನಲ್ಲಿ ಬೆಚ್ಚಗಿದೆಯೆ ಎಂದು ಕೇಳಿದ್ದರು. ಮೆಷಿನ್ನು ಬಿಟ್ಟು ಬೇರೆ ಮಾತು ಅವರು ಬರೆದದ್ದು ಅದೇ ಮೊದಲು. ಅದಕ್ಕೆ ಉತ್ತರವನ್ನು ಮುಂದಿನ ವಾರ ಚೆನ್ನಾಗಿ ಬರೆಯೋಣ ಎಂದುಕೊಂಡು ಎದ್ದೆ.

ಅವರು ಹೇಳಿದಂತೆ ಮಾಡಿದೆ, ಮೆಷಿನ್ನು ಮತ್ತೆ ನಿಲ್ಲಲಿಲ್ಲ. ಮುಂದಿನ ಭಾನುವಾರ ಅವರ ವಿಳಾಸದಿಂದಲೇ ಒಂದು ಪತ್ರ ಇಡೀ ಬಳಗಕ್ಕೆ ಬಂದಿತ್ತು. ಬರೆದವರು ಅವರ ಮಗಳು. ಅಪ್ಪ ತೀರಿಕೊಂಡರು, ನಿಮ್ಮೆಲ್ಲರ ಪತ್ರಗಳನ್ನು ಓದುವುದೆಂದರೆ ಅವರಿಗೆ ಇಷ್ಟವಿತ್ತು ಎಂದಿತ್ತು. ಅದರ ಕೆಳಗೆ ಹತ್ತಾರು ದೇಶಗಳವರು ಒಂದೊಂದು ಸಾಲು ಬರೆದಿದ್ದರು. ನಾನೂ ಬರೆಯಲು ಕುಳಿತೆ. ಪಕ್ಕದ ಕುರ್ಚಿಗಳಲ್ಲಿ ಕಾಲೇಜಿನವರು ಪರೀಕ್ಷೆಯ ಫಲಿತಾಂಶ ನೋಡುತ್ತಿದ್ದರು. ಇಲ್ಲಿ ಬೆಚ್ಚಗಿದೆ ಎಂದು ಬರೆದು ಅಳಿಸಿದೆ.

ರಾತ್ರಿ ಕೋಣೆಯಲ್ಲಿ ಕುಳಿತಾಗ ಈ ಸುದ್ದಿಯನ್ನು ಯಾರಿಗೆ ಹೇಳುವುದು ಎಂದು ಯೋಚಿಸಿದೆ. ಮುಖ ನೋಡದ, ದನಿ ಕೇಳದ, ಕೇಳಲು ಸಾಧ್ಯವೂ ಇರದಿದ್ದ ಮನುಷ್ಯ. ಅಣ್ಣಂದಿರಿಗೆ ಹೇಳಿದರೆ ಯಾರು ಏನು ಎಂದು ಕೂಗಿ ಕೂಗಿ ಕೇಳಿ ಕೊನೆಗೆ ಸುಮ್ಮನಾಗುತ್ತಾರೆ.

ಸೋಮವಾರ ಕಲ್ಯಾಣದುರ್ಗಕ್ಕೆ ಹೋದಾಗ ಬೀರುವಿನ ಮೇಲೆ ಅದೇ ಪ್ರಶ್ನೆ ಕಾದಿತ್ತು. ಯಜಮಾನಿ ಪಕ್ಕದಲ್ಲೇ ನಿಂತಿದ್ದರು.

"ಅವ್ರು ಹೋಗ್ಬುಟ್ರಂತೆ" ಎಂದೆ.

ಆಕೆ ನನ್ನ ಎಡಕ್ಕೆ ಬಂದರು. "ಹೆಂಗಂತೆ?"

"ಬರ್ದಿಲ್ಲ. ವಯಸ್ಸಾಗಿತ್ತು ಅನ್ಸುತ್ತೆ."

ಆಕೆ ಮನೆಯೊಳಗೆ ಹೋದರು. ನಾನು ಕಂಪ್ಯೂಟರ್ ಹಾಕಿ ಕುಳಿತೆ. ಬಹಳ ಹೊತ್ತಿನ ಮೇಲೆ ಆಕೆ ಬಂದು ನನ್ನ ಎಡಕ್ಕೆ ನಿಂತು, "ಏಳ್ರಿ. ಹಿತ್ಲಾಗೆ ನೀರು ಕಾಯ್ಸಿದೀನಿ. ತಲೆ ಮೇಲೆ ಹುಯ್ಕೊಂಡು ಬರ್ರಿ" ಎಂದರು.

ನನಗೆ ಅರ್ಥವಾಗಲಿಲ್ಲ. "ಅಣ್ಣ ಅಂದ್ಮೇಲೆ ಸೂತಕ ಅಲ್ವಾ. ಮೈಲಿಗೆ ಇಟ್ಕೊಂಡು ಮಿಷನ್ ಮುಟ್ಬ್ಯಾಡ್ರಿ."

ಬಚ್ಚಲಿನಲ್ಲಿ ಹಂಡೆ ತುಂಬ ನೀರು ಹಬೆಯಾಡುತ್ತಿತ್ತು, ಪಕ್ಕದಲ್ಲಿ ಒಗೆದ ಪಂಚೆ ಇಟ್ಟಿದ್ದರು. ತಲೆಯ ಮೇಲೆ ನೀರು ಹುಯ್ದುಕೊಳ್ಳುತ್ತ ನಾನು ಅತ್ತೆ. ನನ್ನ ಅಳು ಎಷ್ಟು ಗಟ್ಟಿಯಾಗಿತ್ತೋ ನನಗೆ ಗೊತ್ತಾಗುವ ಬಗೆ ಇರಲಿಲ್ಲ. ಹೊರಗೆ ಬಂದಾಗ ಲೇತ್‌ಗಳು ನಿಂತಿದ್ದವು, ಕೆಲಸಗಾರರು ಬೀದಿಯ ಕಡೆ ಮುಖ ಮಾಡಿ ಕುಳಿತಿದ್ದರು. ಯಜಮಾನಿ ವರ್ಕ್‌ಶಾಪಿನ ಅರ್ಧ ಬಾಗಿಲು ಹಾಕಿಸಿದ್ದರು.

ಸ್ಕ್ರೂವಿನ ಸಡಿಲವನ್ನು ಸರಿದೂಗಿಸುವ ಕೊನೆಯ ಕೆಲಸವನ್ನು ಯಾರನ್ನೂ ಕೇಳದೆ ಮುಗಿಸಿದೆ. ದೀಪಾವಳಿ ಕಳೆದ ಮೇಲೆ ಮೆಷಿನ್ನು ಪಂಪಿನ ಶಾಫ್ಟು ಜೋಡಿಸುವ ಕಪ್ಲಿಂಗ್ ಒಂದನ್ನು ಅಳತೆಗೆ ಸರಿಯಾಗಿ ಕೊರೆಯಿತು. ಭಾವನವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಸರಿಗ್ಗಾ ಉಂದಿ" ಎಂದರು, ಸರಿಯಾಗಿದೆ ಎಂದು, ಮತ್ತು ನನ್ನ ಬೆನ್ನು ತಟ್ಟಿದರು. ಯಜಮಾನಿ ಆ ವೇಳೆಗೆ ಪ್ಯಾರಾಮೀಟರುಗಳನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡಿದ್ದರು. ಇದನ್ನು ಹೆಚ್ಚಿಸಿದರೆ ಏನಾಗುತ್ತದೆ, ತಗ್ಗಿಸಿದರೆ ಏನಾಗುತ್ತದೆ ಎಂದು ಬರೆದು ಕೇಳುತ್ತಿದ್ದರು, ನಾನು ಮಾಡಿ ತೋರಿಸುತ್ತಿದ್ದೆ.

ಹೊರಡುವ ಹಿಂದಿನ ದಿನ ಆಕೆ ಬೀರುವಿನ ಮೇಲೆ "ಇಲ್ಲೇ ಇದ್ದುಬಿಡ್ರಿ" ಎಂದು ಬರೆದರು. ಬರೆದು, ಸೀಮೆಸುಣ್ಣ ಹಿಡಿದೇ ನಿಂತರು. ಕೆಲಸಕ್ಕೆಂದೋ, ಮನಸ್ಸಿನಲ್ಲಿ ಬೇರೆ ಏನಾದರೂ ಇತ್ತೋ, ನಾನು ಕೇಳಲಿಲ್ಲ. ಕೆಲಸಗಾರರು ನೋಡುತ್ತಿದ್ದರು. "ಹಿಂದೂಪುರ್ದಾಗೆ ಮೋಟಾರುಗಳು ಹಂಗೇ ಬಿದ್ದವೆ" ಎಂದೆ. ಆಕೆ ತಲೆಯಾಡಿಸಿ ಸೆರಗಿನ ತುದಿಯಿಂದ ಅಕ್ಷರಗಳನ್ನು ಒರೆಸಿದರು.

ಒಂದು ವರ್ಷ ಕಳೆದ ಮೇಲೆ ಆ ಕಡೆ ಕೆಲಸವಿದ್ದು ಹೋಗಿ ನೋಡಿದೆ. ಮೆಷಿನ್ನು ಓಡುತ್ತಿತ್ತು. ಐಟಿಐ ಮುಗಿಸಿದ ಹೆಣ್ಣುಮಗಳೊಬ್ಬಳನ್ನು ಅದಕ್ಕೆ ಇಟ್ಟಿದ್ದರು. ಬೀರುವಿಗೆ ಹೊಸದಾಗಿ ಬೂದು ಬಣ್ಣ ಬಳಿದಿದ್ದರು. ಯಜಮಾನಿ ನನ್ನ ಎಡಕ್ಕೆ ಬಂದು ನಿಂತು, ಸ್ಕ್ರೂ ಸವೆದು ಸಡಿಲ ಹೆಚ್ಚಾಗಿತ್ತೆಂದೂ ತಾವೇ ಅಳೆದು ಅಂಕಿ ತಿದ್ದಿದ್ದೆಂದೂ ಹೇಳಿದರು. ಫೈಲು ತೆರೆದು ನೋಡಿದೆ, ಸರಿಯಾಗಿತ್ತು. ನಾನು ಮಾಡುವುದೇನೂ ಉಳಿದಿರಲಿಲ್ಲ. ಕಾಫಿ ಕುಡಿದೆ.

"ಇನ್ನೊಂದ್ಸಲ ಬರ್ರಿ" ಎಂದರು.

"ಬತ್ತೀನಿ" ಎಂದೆ.

ಪಾವಗಡದಲ್ಲಿ ಹಿಂದೂಪುರದ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕರು ನನ್ನ ಪಕ್ಕದಲ್ಲಿ ಕುಳಿತು ಏನನ್ನೋ ಹೇಳುತ್ತಿದ್ದರು, ನಡುನಡುವೆ ನಗುತ್ತಿದ್ದರು. ನನಗೆ ಒಂದು ಮಾತೂ ತಿಳಿಯಲಿಲ್ಲ. ಅವರ ತುಟಿಗಳನ್ನೇ ನೋಡುತ್ತ, ಅವರು ನಕ್ಕಾಗ ನಾನೂ ನಗುತ್ತ, ಬಸ್ಸು ಬರುವ ತನಕ ಅಲ್ಲಿ ಕುಳಿತಿದ್ದೆ.