ಗರಗಸದ ಭಾಯಿ

ಶಿರಾದಲ್ಲಿ ನಮ್ಮ ಮನೆಯ ಪಕ್ಕ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಭಾಯಿ, ಮಾತಾಡುವ ಮುಂಚೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಿದ್ದರು. ಯಾರು ಅವಸರ ಮಾಡಿದರೂ "ಜರಾ ತಡೀರಿ" ಎನ್ನುತ್ತಿದ್ದರು. ಹಳೆ ಕಾರಿನ ಎರಡು ಚಕ್ರಗಳಿಗೆ ಗರಗಸದ ಪಟ್ಟಿ ಸುತ್ತಿ, ಕೆಟ್ಟು ನಿಂತಿದ್ದ ಟಿಲ್ಲರಿನ ಎಂಜಿನ್ ರಿಪೇರಿ ಮಾಡಿ ಜೋಡಿಸಿ, ಮರ ಕೊಯ್ಯುವ ಮಿಲ್ಲನ್ನು ಅವರೇ ಕಟ್ಟಿಕೊಂಡರು. ಅದು ಮೊದಲ ಸಲ ಓಡಿದಾಗ ನಮ್ಮ ಅಡುಗೆಮನೆಯ ಪಾತ್ರೆಗಳೆಲ್ಲ ಗಲಗಲ ಎಂದವು. ಭಾಯಿ ಗೋಡೆಯಾಚೆಯಿಂದ ಇಣುಕಿ, "ಜರಾ ತಡೀರಿ ಅಕ್ಕಾ, ಕೆಳಗೆ ರಬ್ಬರ್ ಹಾಕ್ತೀನಿ" ಎಂದರು. ಮಾರನೆಯ ದಿನ ಪಾತ್ರೆಗಳು ಸುಮ್ಮನಾದವು.

ಒಮ್ಮೆ ಗೌಡಗೆರೆ ಕಡೆಯ ಅಜ್ಜಿಯೊಬ್ಬರು ಮಗಳ ಹೊಸಮನೆಯ ಬಾಗಿಲಿಗೆಂದು ಬೇವಿನ ದಿಮ್ಮಿ ತಂದರು. ಕೊಯ್ಯುವ ಮುಂಚೆ ಭಾಯಿ ವಾಡಿಕೆಯಂತೆ ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಿಮ್ಮಿಯ ಮೇಲೆಲ್ಲ ಆಡಿಸಿದರು. ಒಂದು ಕಡೆ ಅದು ಟಪ್ಪೆಂದು ಅಂಟಿತು. ತೊಗಟೆ ಕೆತ್ತಿದರೆ ಒಳಗೆ ತುಕ್ಕು ಹಿಡಿದ ಉದ್ದನೆಯ ಮೊಳೆ.

"ಅಯ್ಯೋ, ಕೀಳ್ಬ್ಯಾಡ ಕಣಪ್ಪಾ!" ಅಜ್ಜಿ ಕೂಗಿದರು. "ನಮ್ಮತ್ತೇನ ಹಿಡ್ಕಂಡಿದ್ದ ದೆವ್ವನ ಮಂತ್ರವಾದಿ ಅದ್ರಲ್ಲಿ ಕಟ್ಟವ್ನೆ. ಇದೇ ಮರ ಅಂತ ಮರ್ತೇಬುಟ್ಟಿದ್ದೆ. ಕಿತ್ರೆ ಮಗಳ ಮನೆ ಸೇರ್ಕಂತದೆ!"

ಕೀಳದಿದ್ದರೆ ಗರಗಸ ತುಂಡಾಗುತ್ತದೆ, ಬಾಗಿಲೂ ಆಗುವುದಿಲ್ಲ. ಭಾಯಿ ನಗಲಿಲ್ಲ. ಮೊಳೆಯನ್ನು ಜೋಪಾನವಾಗಿ ಕಿತ್ತು, ಅಜ್ಜಿಯ ಕಣ್ಣೆದುರೇ ತಮ್ಮ ಅಂಗಡಿಯ ಮರದ ಕಂಬಕ್ಕೆ ಬಡಿದರು.

"ಇಲ್ಲೇ ಇರ್ಲಿ ಅಜ್ಜೀ. ನಂಗೂ ಮಿಲ್ ಕಾಯಾಕೆ ಒಬ್ರು ಬೇಕಾಗಿತ್ತು."

ಅಜ್ಜಿ ದೂರದಿಂದಲೇ ಬಗ್ಗಿ ನೋಡಿದರು. "ಇನ್ನೆರಡೇಟು ಹಾಕಪ್ಪಾ" ಎಂದರು.

ಭಾಯಿ ಇನ್ನೆರಡೇಟು ಹಾಕಿ, ಎಂಜಿನ್ ಶುರು ಮಾಡಿದರು.