ಇಸ್ತ್ರಿ ಕೋಣೆಯ ನ್ಯೂಟ್

ಗೋಡೆಯ ಹಲ್ಲಿ ಲೊಚಗುಟ್ಟಿದರೂ ಇಸ್ತ್ರಿಯವಳ ಎದೆ ಝಲ್ಲೆನ್ನುತ್ತಿತ್ತು. ಅಂಥವಳ ಕೈಗೆ ಮಹಡಿಯ ಬಾಡಿಗೆಯವನು, ಹಡಗಿನ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ಒಂದು ಗಾಜಿನ ತೊಟ್ಟಿ ಕೊಟ್ಟು ಹೋದ. ಒಳಗೆ ಹಲ್ಲಿಯಂಥ ಮೈ, ಕಪ್ಪು ಬೆನ್ನು, ಕೆಂಡದಂಥ ಹೊಟ್ಟೆಯ ಪ್ರಾಣಿ.

"ನ್ಯೂಟ್ ಅಕ್ಕಾ. ನೀರಲ್ಲೇ ಇರತ್ತೆ, ಕಪ್ಪೆಗೆ ನೆಂಟ. ಹುಳ ಹಾಕಿದ್ರೆ ಸಾಕು."

ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ತೊಟ್ಟಿಯನ್ನು ಇಸ್ತ್ರಿ ಮೇಜಿನ ಪಕ್ಕದಲ್ಲಿಟ್ಟು ತಟ್ಟೆ ಮುಚ್ಚಿದಳು. ಹುಳ ಕೊಳ್ಳಲು ಹೋದಾಗ ಅಲಂಕಾರ ಮೀನಿನಂಗಡಿಯವನು ಹುಬ್ಬೇರಿಸಿದ.

"ಹೊಟ್ಟೆ ಕೆಂಪಾ? ಅದರಲ್ಲೊಂದು ಜಾತಿ ಇದೆ, ನುಂಗಿದ್ರೆ ಮನುಷ್ಯ ಉಳಿಯಲ್ಲ. ನಿಮ್ಮದು ಯಾವುದೋ!"

ಅವಳಿಗೆ ಮನೆಯಲ್ಲಿದ್ದ ಮಾವನವರ ನೆನಪಾಯಿತು. ಮರೆವು ಕವಿದ ಅವರು ಅಂಗಿಯ ಗುಂಡಿ, ಸಾಬೂನು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಿದ್ದರು. ನಿದ್ದೆಯಲ್ಲಿದ್ದಾರೆಂದು ಅವರನ್ನು ಒಬ್ಬರನ್ನೇ ಬಿಟ್ಟು ಬಂದಿದ್ದಳು. ಬಿದ್ದೆನೋ ಎದ್ದೆನೋ ಎಂದು ಓಡಿಬಂದರೆ, ತಟ್ಟೆ ನೆಲದ ಮೇಲೆ, ತೊಟ್ಟಿ ಖಾಲಿ. ಮಾವನವರು ಕುರ್ಚಿಯಲ್ಲಿ ಕೂತು ಏನನ್ನೋ ಜಗಿಯುತ್ತಿದ್ದರು. ತುಟಿಯ ಸಂದಿಯಲ್ಲಿ ಕೆಂಪನೆಯದೇನೋ ಇಣುಕಿತು.

"ಮಾವಾ, ಉಗೀರಿ!"

"ಕೊಡಲ್ಲ," ಎಂದು ಅವರು ದವಡೆ ಬಿಗಿದರು.

ಬೆರಳು ತೂರಿಸಿ, ಕಚ್ಚಿಸಿಕೊಂಡು, ಕೊನೆಗೂ ಎಳೆದಳು. ಕಿತ್ತಳೆ ಸಿಪ್ಪೆ. ಆದರೂ ಜೀವ ಬಾಯಿಗೆ ಬಂದದ್ದು ಕೆಳಗಿಳಿಯಲಿಲ್ಲ. ಹಾಗಾದರೆ ಅದೆಲ್ಲಿ? ಆಗಲೇ ನುಂಗಿಬಿಟ್ಟಿದ್ದರೆ?

ಮೇಜು ಸರಿಸಿದಳು, ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಕೊಡವಿದಳು. ಒದ್ದೆ ಬಟ್ಟೆಯ ಬುಟ್ಟಿಯ ಹಿಂದೆ, ಧೂಳು ಮೆತ್ತಿಕೊಂಡು, ಅದು ಏದುಸಿರು ಬಿಡುತ್ತಿತ್ತು. ರಬ್ಬರ್ ಕೈಗವಸು ತೊಟ್ಟು, ಕಣ್ಣು ಅರೆಮುಚ್ಚಿ ಎತ್ತಿ ಡಬ್ಬಿಗೆ ಹಾಕಿದಳು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಮಾವನವರನ್ನು ಹಿಡಿದು ಪ್ರಾಣಿವೈದ್ಯೆಯ ಬಳಿಗೆ ನಡೆದಳು.

ಅಂಗಡಿಯವನ ಮಾತನ್ನೆಲ್ಲ ಅವಳಿಂದ ಕೇಳಿದ ವೈದ್ಯೆ ಅದರ ಧೂಳು ತೊಳೆದು, ಗಾಜಿನ ಬಟ್ಟಲಿನಲ್ಲಿ ಬಿಟ್ಟು ಕೆಳಗಿನಿಂದ ದಿಟ್ಟಿಸಿದರು.

"ಕೆಂಪು ಹೊಟ್ಟೆ ಮೇಲೆ ಕಪ್ಪು ಮಚ್ಚೆ ಇದೆ, ನೋಡಿ. ಬಾಲ ದೋಣಿಯ ಹುಟ್ಟಿನ ಥರ ಚಪ್ಪಟೆ. ಅಂಗಡಿಯವನು ಹೇಳಿದ ಜಾತಿಗೆ ಹೊಟ್ಟೆ ಮೇಲೆ ಮಚ್ಚೆ ಇರಲ್ಲ, ಬೆನ್ನು ತರಿತರಿ. ಇದು ಬೆಂಕಿಹೊಟ್ಟೆ ನ್ಯೂಟ್. ಇದರ ಚರ್ಮದಲ್ಲೂ ವಿಷ ಇದೆ, ಆದ್ರೆ ಅಷ್ಟು ಉಗ್ರವಲ್ಲ. ಮುಟ್ಟಿದ್ರೆ ಕೈ ತೊಳೀರಿ, ಬಾಯಿಗಂತೂ ಹೋಗಲೇಬಾರದು. ಎಲ್ಲಿಟ್ಟಿದ್ರಿ?"

"ಇಸ್ತ್ರಿ ಮೇಜಿನ ಪಕ್ಕ."

"ಅಯ್ಯೋ! ಅದಕ್ಕೆ ತಣ್ಣಗಿರಬೇಕಮ್ಮಾ. ಬೇಯೋ ಸೆಕೆಗೆ ಓಡಿಹೋಗಿದೆ."

ಅವಳ ಮುಖ ಸಪ್ಪಗಾಯಿತು. ತನ್ನನ್ನು ಹೆದರಿಸಿದ ಪ್ರಾಣಿ ತನಗಿಂತ ಹೆಚ್ಚು ಹೆದರಿತ್ತು.

ಅಂದೇ ತೊಟ್ಟಿ ಬಿಸಿಲು ಬೀಳದ ಒಳಕೋಣೆಗೆ ಹೋಯಿತು. ಕ್ಲೋರಿನ್ ತೆಗೆದ ನೀರು, ಹತ್ತಿ ಕೂರಲು ಕಲ್ಲು, ಕೊಕ್ಕೆ ಬಿಗಿದ ಜಾಲರಿ ಮುಚ್ಚಳ, ಬಾಗಿಲಿಗೆ ಬೀಗ. ಇಷ್ಟಾದರೂ ಮಾವನವರ ದವಡೆ ಆಡಿದಾಗೆಲ್ಲ ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಓಡುತ್ತಿದ್ದಳು.

ಬಾಡಿಗೆಯವನು ಮರಳಿದಾಗ ಒಳಕೋಣೆಯ ಬೀಗ ತೆಗೆದು, ತೊಟ್ಟಿಯ ಮುಂದೆಯೇ ಅವನನ್ನು ತರಾಟೆಗೆ ತೆಗೆದುಕೊಂಡಳು. "ಯಾವ ಜಾತಿ, ವಿಷ ಇದೆಯಾ ಅಂತ ಹೇಳೋದಲ್ವೇನಪ್ಪಾ?"

"ವಿಷಾನಾ?" ಅವನ ಮುಖದ ರಕ್ತ ಇಳಿಯಿತು. "ಅಕ್ಕಾ, ಅದನ್ನ ಅಂಗೈ ಮೇಲೆ ಆಡಿಸ್ಕೊಂಡೇ ನಾನು ಊಟ ಮಾಡ್ತಿದ್ದೆ!"

ತೊಟ್ಟಿಯ ಮುಚ್ಚಳದತ್ತ ಚಾಚಿದ್ದ ಅವನ ಕೈಯನ್ನು ಅವಳು ಹಿಡಿದು ಪಕ್ಕಕ್ಕೆ ಸರಿಸಿದಳು.