ಪಾರ್ಕಿನಲ್ಲಿ ಅಮ್ಮ, ಸೈಕಲ್ಲು ಮತ್ತು ಪಿಂಕು

ದಿಲ್ಲಿಯ ರೋಹಿಣಿ ಬಡಾವಣೆಗೆ ಮೆಟ್ರೊ ಬಂದು ಆಗಿನ್ನೂ ಹೊಸದು. ದೊಡ್ಡವರು ಭಾನುವಾರ ಕೆಲಸವಿಲ್ಲದಿದ್ದರೂ ಅದರಲ್ಲಿ ಕೂತು ಹೋಗಿ ಬರುತ್ತಿದ್ದರು. ನಮ್ಮ ಸೆಕ್ಟರಿನ ಮಕ್ಕಳಿಗೆ ಮಾತ್ರ ಅದಕ್ಕಿಂತ ದೊಡ್ಡ ಸಂಗತಿ ಮನೆಯೆದುರಿನ ಪಾರ್ಕು. ಆ ಕಾಲದ ಚಳಿಗಾಲದ ರಜೆಯೆಂದರೆ, ಬೆಳಗ್ಗೆ ರಜಾಯಿಯೊಳಗಿಂದ ಕೈ ಮಾತ್ರ ಹೊರಗೆ ಚಾಚಿ ಹಾಲಿನ ಲೋಟ ತೆಗೆದುಕೊಳ್ಳುವುದು. ಮಂಜು ತೆಳುವಾಗಿ ಎದುರು ಮನೆಯ ನೀರಿನ ಟ್ಯಾಂಕು ಕಂಡಿತೆಂದರೆ ಸ್ವೆಟರಿನ ಮೇಲೊಂದು ಸ್ವೆಟರು ಏರಿಸಿಕೊಂಡು ಸೈಕಲ್ಲು ದೂಡುತ್ತಾ ಓಡುವುದು.

ಪಾರ್ಕಿನ ಸುತ್ತ ಇಟ್ಟಿಗೆ ಹಾಸಿದ ಒಂದೇ ಒಂದು ಹಾದಿ. ಕೈ ಬೀಸಿ ನಡೆಯುವ ಅಂಕಲ್‌ಗಳು, ಶಾಲು ಹೊದ್ದ ಅಜ್ಜಿಯರು, ನಾಯಿ ಹಿಡಿದು ಬರುವವರು, ರೇಸು ಬಿಡುವ ನಾವು, ಎಲ್ಲರಿಗೂ ಅದೇ. ಬಿಸಿಲು ಬಿದ್ದ ಕಡೆಯ ಹುಲ್ಲಿನ ಮೇಲೆ ಕಡಲೆಕಾಯಿ ಸಿಪ್ಪೆ, ಕಿತ್ತಳೆ ಸಿಪ್ಪೆ. ಗೇಟಿನ ಹೊರಗೆ ಕೆಂಡದ ಮೇಲೆ ಗೆಣಸು ಸುಡುವ ಭಯ್ಯಾನ ಗಾಡಿ. ಆ ವಾಸನೆ ಒದ್ದೆ ಗಾಳಿಯಲ್ಲಿ ಪಾರ್ಕಿನ ತುದಿಯವರೆಗೂ ಬರುತ್ತಿತ್ತು.

ನಾನಾಗ ಐದನೇ ಕ್ಲಾಸು. ಅಪ್ಪನಿಗೆ ದಿಲ್ಲಿಗೆ ವರ್ಗವಾಗಿ ನಾವು ತಿಪಟೂರು ಬಿಟ್ಟು ನಾಲ್ಕು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ಅಮ್ಮನಿಗೆ ಪಕ್ಕದ ಸೆಕ್ಟರಿನ ಸಣ್ಣ ನರ್ಸರಿ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಫೆಬ್ರವರಿಯಿಂದ ಹೋಗಬೇಕು. ನಡೆಯಲು ದೂರ, ಆ ಕಡೆಗೆ ಬಸ್ಸಿಲ್ಲ, ಅಷ್ಟು ಬೆಳಗ್ಗೆ ರಿಕ್ಷಾದವರು ಬರುವುದಿಲ್ಲ.

“ಸೈಕಲ್ ಕಲೀತೀನಿ” ಅಂದಳು ಅಮ್ಮ, ಚಪಾತಿ ಲಟ್ಟಿಸುತ್ತಾ.

“ಈ ಚಳೀಲಾ?” ಅಂದರು ಅಪ್ಪ.

“ಸೆಕೇಲಿ ಕಲಿಯೋಣ ಅಂದ್ರೆ ತಿಪಟೂರಲ್ಲಿ ನನ್ನ ಸರದಿ ಬರಲೇ ಇಲ್ಲ. ಅಣ್ಣಂದಿರಿಬ್ಬರೂ ಸೈಕಲ್ ಇಳೀಲೇ ಇಲ್ವಲ್ಲ.”

ಆ ವಾರವೇ ಅಪ್ಪ ಆಫೀಸಿನ ಗೆಳೆಯರ ಮನೆಯಿಂದ ನೀಲಿ ಬಣ್ಣದ ಲೇಡೀಸ್ ಸೈಕಲ್ಲೊಂದನ್ನು ತಂದರು. ಅವರ ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಅದು ಬಾಲ್ಕನಿಯಲ್ಲಿ ಧೂಳು ತಿನ್ನುತ್ತಿತ್ತಂತೆ.

ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಅದಕ್ಕಿಂತ ದೊಡ್ಡ ಪದವಿ ಈವರೆಗೂ ಸಿಕ್ಕಿಲ್ಲ. ಯಾರಿಗೂ ಗುರುತು ಹತ್ತಬಾರದೆಂದು ಅಮ್ಮ ಅಪ್ಪನ ಮಂಕಿ ಕ್ಯಾಪು ಹಾಕಿಕೊಂಡು ಬಂದಳು. ಮಂಕಿ ಕ್ಯಾಪು ಹಾಕಿಕೊಂಡ ಹೆಂಗಸು ಇಡೀ ಪಾರ್ಕಿಗೆ ಒಬ್ಬಳೇ ಆದ್ದರಿಂದ ಎರಡನೇ ದಿನಕ್ಕೆ ಎಲ್ಲರಿಗೂ ಪರಿಚಯವಾದಳು. ನಾನು ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತಿದ್ದೆ.

“ಹಿಡ್ಕೊಂಡಿದೀಯಾ?”

“ಹಿಡ್ಕೊಂಡಿದೀನಿ.”

“ಬಿಡಬೇಡ ಪುಟ್ಟಿ.”

“ಅಮ್ಮ, ಪೆಡಲ್ ತುಳೀ ಮೊದ್ಲು.”

ಮನೆಯಲ್ಲಿ ನನ್ನನ್ನು ಗದರಿಸುವ ಅಮ್ಮ ಅಲ್ಲಿ ನಾನು ಗದರಿಸಿದರೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಗೆಳೆಯರೆಲ್ಲ ತಮ್ಮ ರೇಸು ಬಿಟ್ಟು ನಮ್ಮ ಹಿಂದೆಯೇ “ಆಂಟೀ, ಸಾಮ್ನೆ ದೇಖೋ, ಸಾಮ್ನೆ” ಎಂದು ಕೂಗುತ್ತಾ ಬರುತ್ತಿದ್ದರು. ಅಮ್ಮ ಮಾತ್ರ ಎದುರಿಗೆ ನೋಡದೆ ಮುಂದಿನ ಚಕ್ರವನ್ನೇ ನೋಡುತ್ತಿದ್ದಳು, ಅದೆಲ್ಲಿ ಕಳಚಿ ಬೀಳುವುದೋ ಎಂಬಂತೆ.

ಪಾರ್ಕಿಗೆ ದಿನವೂ ಬರುವವರಲ್ಲಿ ಕೋಹ್ಲಿ ಆಂಟಿ ಒಬ್ಬರು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ದನಿ ಇನ್ನೂ ವಾರ್ಡಿನ ಆ ತುದಿಗೆ ಕೇಳುವಂಥದ್ದು. ಅವರ ನಾಯಿಯ ಹೆಸರು ಪಿಂಕು. ಅಂಗೈಯಗಲದ ಮರಿಯಾಗಿದ್ದಾಗ ಇಟ್ಟ ಹೆಸರು. ಈಗ ಅದು ನನ್ನ ಎದೆಯೆತ್ತರದ ಅಲ್ಸೇಷಿಯನ್. ಜನರಿಗೆ ಬಾಲ ಆಡಿಸುವ ಸಾಧು ಪ್ರಾಣಿ, ಆದರೆ ತಿರುಗುವ ಚಕ್ರ ಕಂಡರೆ ಮೈಮೇಲೆ ದೆವ್ವ ಬಂದಂತೆ ಆಡುತ್ತಿತ್ತು. ಆಂಟಿಗೆ ಮೊಣಕಾಲು ನೋವು. ಅವರು ತಿರುವಿನ ಬೆಂಚಿನ ಮೇಲೆ ಕೂತು, ಉದ್ದನೆಯ ಹಗ್ಗ ಬಿಟ್ಟು, ಪಿಂಕುವನ್ನು ಹಾದಿಯಾಚೆಯ ಹುಲ್ಲಿನಲ್ಲಿ ಅಡ್ಡಾಡಲು ಬಿಡುತ್ತಿದ್ದರು. ಹಗ್ಗ ಹಾದಿಗೆ ಅಡ್ಡವಾಗಿ ನೆಲದ ಮೇಲೆ ಬಿದ್ದಿರುತ್ತಿತ್ತು. ನಾವು ಮಕ್ಕಳು ಅಲ್ಲಿ ಇಳಿದು ದಾಟುತ್ತಿದ್ದೆವು.

ಅಮ್ಮನಿಗೆ ಇಳಿಯುವುದು ಇನ್ನೂ ಪಾಠವಾಗಿರಲಿಲ್ಲ.

ಒಂದು ಬೆಳಗ್ಗೆ ಮಂಜು ಸರಿಯಾಗಿ ಹರಿಯುವ ಮೊದಲೇ ಶುರುಮಾಡಿದ್ದೆವು. ತಿರುವಿಗೆ ಬಂದಾಗ ಪಿಂಕು ಚಕ್ರ ಕಂಡು ಹಾರಿತು. ನೆಲದ ಮೇಲಿದ್ದ ಹಗ್ಗ ಎದ್ದು ಬಿಗಿಯಾಯಿತು. ಸೈಕಲ್ಲು, ಅಮ್ಮ, ನಾನು ಮೂವರೂ ಮಾಲಿಯ ಡೇರೆ ಹೂವಿನ ಪಾತಿಯಲ್ಲಿದ್ದೆವು. ಎದುರಿಗೆ ಬರುತ್ತಿದ್ದ ಪ್ರಧಾನ್‌ಜೀ ಪಕ್ಕಕ್ಕೆ ಜಿಗಿಯಲು ಹೋಗಿ ಕೊಳಾಯಿಯ ಕೆಸರಿನಲ್ಲಿ ಕಾಲಿಟ್ಟರು. ಅವರು ನಮ್ಮ ಬ್ಲಾಕಿನ ನಿವಾಸಿಗಳ ಕಮಿಟಿಯ ಮುಖ್ಯಸ್ಥರು. ಮಫ್ಲರು ಸುತ್ತಿಕೊಂಡು ದಿನಾ ವಾಕಿಂಗಿಗೆ ಬರುವವರು.

“ಅಂಧೀ ಹೋ ಕ್ಯಾ?” ಕಣ್ಣು ಕಾಣಿಸೋದಿಲ್ವಾ ಎಂದು ಕೋಹ್ಲಿ ಆಂಟಿ ಬೆಂಚಿನಿಂದಲೇ ಕೂಗಿದರು.

ಅಮ್ಮನ ಹಿಂದಿ ತರಕಾರಿ ಗಾಡಿಯವರೆಗಿನದು. ಸಿಟ್ಟಿನ ಭಾರ ತಡೆಯುವಷ್ಟಿರಲಿಲ್ಲ. ಮಣ್ಣು ಮೆತ್ತಿದ ಮಂಕಿ ಕ್ಯಾಪಿನಲ್ಲೇ ಎದ್ದು ನಿಂತು ಅಚ್ಚ ಕನ್ನಡದಲ್ಲಿ ಶುರುಮಾಡಿದಳು: “ದಾರಿಗಡ್ಡ ಹಗ್ಗ ಕಟ್ಕೊಂಡು ಕೂತಿದೀರಲ್ಲ, ನಿಮಗೆ ಬುದ್ಧಿ ಬೇಡ್ವಾ? ನನ್ನ ಮಗುಗೆ ಏನಾದ್ರೂ ಆಗಿದ್ರೆ?” ನಡುವೆ ಬೊಗಳಿದ ಪಿಂಕುವಿನ ಕಡೆ ತಿರುಗಿ, “ನೀನು ಸುಮ್ನೆ ಕೂತ್ಕೋ” ಅಂದಳು. ಪಿಂಕು ಕೂತಿತು. ಕೋಹ್ಲಿ ಆಂಟಿ ಒಮ್ಮೆ ನಾಯಿಯನ್ನೂ ಒಮ್ಮೆ ಅಮ್ಮನನ್ನೂ ನೋಡಿದರು. ಅವರ ಮಾತಿಗೆ ಅದು ಒಂದು ದಿನವೂ ಕೂತಿರಲಿಲ್ಲವಂತೆ.

ಅಮ್ಮನ ಮೊಣಕಾಲು ತರಚಿಹೋಗಿತ್ತು, ಸಲ್ವಾರು ಹರಿದಿತ್ತು. ನೋವಾದದ್ದು ಅದಕ್ಕಲ್ಲ. ಮರುದಿನ ಕಮಿಟಿಯಿಂದ ಗೇಟಿಗೆ ತಗಡಿನ ಬೋರ್ಡು ಬಿತ್ತು: ಸೈಕಲ್ಲು ಮತ್ತು ನಾಯಿ ಒಳಗೆ ತರಕೂಡದು.

ನಮ್ಮ ರಜೆ ಇನ್ನೂ ಅರ್ಧ ಉಳಿದಿತ್ತು. ಹೊರಗಿನ ರಸ್ತೆಯಲ್ಲಿ ಲಾರಿ, ಬಸ್ಸು. ಅಲ್ಲಿ ಕಲಿಯುವ ಮಾತೇ ಇಲ್ಲ. ಅಮ್ಮ ಸೈಕಲ್ಲನ್ನು ಮೆಟ್ಟಿಲಿನ ಕೆಳಗೆ ನಿಲ್ಲಿಸಿ ಅದರ ಮೇಲೊಂದು ಹಳೇ ಬೆಡ್‌ಶೀಟು ಹೊದಿಸಿದಳು. “ಕೆಲಸಕ್ಕೆ ಬರಲ್ಲ ಅಂತ ಹೇಳಿಬಿಡ್ತೀನಿ” ಎಂದು ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. ಅವಳು ಅಷ್ಟು ಮೆಲ್ಲಗೆ ಮಾತಾಡುವುದು ಅಪರೂಪ.

ಎರಡು ದಿನ ಬಿಟ್ಟು ಗೆಣಸಿನ ಗಾಡಿಯ ಹತ್ತಿರ ಕೋಹ್ಲಿ ಆಂಟಿ ಸಿಕ್ಕರು. ಪಿಂಕು ಗೇಟಿನ ಸರಳಿಗೆ ಮೂಗು ತೂರಿಸಿ ಒಳಗಿನ ಹುಲ್ಲು ನೋಡುತ್ತಾ ನಿಂತಿತ್ತು. ರಸ್ತೆಯಲ್ಲಿ ಓಡಾಡಿಸೋಣವೆಂದರೆ ಬೀದಿನಾಯಿಗಳು ಸುತ್ತುಗಟ್ಟುತ್ತವಂತೆ. ಆಂಟಿ ಅಮ್ಮನ ಕಾಲು ನೋಡಿ, “ಟಿಟನಸ್ ಇಂಜೆಕ್ಷನ್ ಲಿಯಾ?” ಎಂದು ವಾರ್ಡಿನ ದನಿಯಲ್ಲೇ ಕೇಳಿದರು.

“ಲಿಯಾ. ಮೈಂ ಠೀಕ್ ಹೋ ಗಯಾ” ಅಂದಳು ಅಮ್ಮ. ‘ಗಯೀ’ ಎನ್ನಬೇಕಾದಲ್ಲಿ ‘ಗಯಾ’. ಹಿಂದಿಯಲ್ಲಿ ಅಮ್ಮ ಯಾವಾಗಲೂ ಗಂಡಸು. ಕೋಹ್ಲಿ ಆಂಟಿಗೆ ನಗು ತಡೆಯಲಾಗಲಿಲ್ಲ. ಅಮ್ಮನಿಗೆ ಕಾರಣ ಗೊತ್ತಾಗದಿದ್ದರೂ ನಕ್ಕಳು. ನಿಂಬೆರಸ, ಮಸಾಲೆ ಹಾಕಿದ ಬಿಸಿ ಗೆಣಸನ್ನು ಇಬ್ಬರೂ ಒಂದೇ ದೊನ್ನೆಯಿಂದ ತಿಂದರು.

“ಪಿಂಕೂಗೆ ಚಕ್ರದ ಮೇಲೆ ಯಾಕೆ ಅಷ್ಟು ಕೋಪ ಅಂತ ಕೇಳು” ಅಂದಳು ಅಮ್ಮ. ನಾನು ಕೇಳಿದೆ. ಮರಿಯಾಗಿದ್ದಾಗ ಸ್ಕೂಟರೊಂದು ಅದರ ಬಾಲದ ಮೇಲೆ ಹಾದುಹೋಗಿತ್ತು. ಅಮ್ಮ ಗೇಟಿನ ಬಳಿಯ ಪಿಂಕುವನ್ನು ನೋಡಿ, “ಹಾಗಾದ್ರೆ ಅದು ಕೋಪ ಅಲ್ಲ, ಭಯ” ಅಂದಳು. “ನಂಗೂ ಅದೇ.”

ಆ ಮಧ್ಯಾಹ್ನವೇ ಬೆಡ್‌ಶೀಟು ಸರಿಯಿತು. ಕೋಹ್ಲಿ ಆಂಟಿಯ ಮನೆಯ ಅಂಗಳದಲ್ಲಿ ಸೈಕಲ್ಲನ್ನು ಮೊದಲು ಸುಮ್ಮನೆ ನಿಲ್ಲಿಸಿದೆವು. ಪಿಂಕು ಮೂಸಿತು, ಗುರುಗುಟ್ಟಿತು, ಮತ್ತೆ ಮೂಸಿತು. ಮಾರನೆಯ ದಿನ ಅಮ್ಮ ಸೈಕಲ್ಲನ್ನು ಮೆಲ್ಲಗೆ ದೂಡಿದಳು. ನಾನು ಬೆಲ್ ಹೊಡೆದಾಗಲೆಲ್ಲ ಆಂಟಿ ಪಿಂಕುಗೆ ರೊಟ್ಟಿಯ ಚೂರೊಂದನ್ನು ಕೊಡುತ್ತಿದ್ದರು. ನಾಲ್ಕೈದು ದಿನಗಳಲ್ಲಿ ಪಿಂಕುವಿನ ಲೆಕ್ಕ ಬದಲಾಯಿತು. ಬೆಲ್ ಕೇಳಿದ ಕೂಡಲೇ ಚಕ್ರಕ್ಕೆ ಬೆನ್ನು ಹಾಕಿ, ಆಂಟಿಯ ಕಾಲಬುಡದಲ್ಲಿ ಕೂತು, ಅವರ ಕೈ ನೋಡತೊಡಗಿತು. ಪೇಪರಿನವನು ಬೆಲ್ ಹೊಡೆದರೂ ಅಷ್ಟೇ, ಗ್ಯಾಸಿನವನು ಹೊಡೆದರೂ ಅಷ್ಟೇ. ಆಂಟಿಯ ಮನೆಯಲ್ಲಿ ರೊಟ್ಟಿ ಸಾಲದಾಯಿತು. ನಮ್ಮನೆಯ ಚಪಾತಿಯೂ ಅಲ್ಲಿಗೆ ಹೋಗತೊಡಗಿತು.

ಆಮೇಲೆ ಅಮ್ಮ, ಆಂಟಿ, ನಾನು ಮೂವರೂ ಪ್ರಧಾನ್‌ಜೀ ಮನೆಗೆ ಹೋದೆವು. ಟೆರೇಸಿನ ಬಿಸಿಲಿನಲ್ಲಿ ಅವರ ತಾಯಿ ಮಂಚದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರು. ನಮ್ಮನ್ನು ಕಂಡವರೇ ಮಾತಿಗೆ ಮೊದಲು ಎಲ್ಲರ ಮಡಿಲಿಗೂ ಒಂದೊಂದು ಹಿಡಿ ಬಟಾಣಿ ಹಾಕಿದರು. ಹಾಗಾಗಿ ಜಗಳವೂ ಬಟಾಣಿ ಬಿಡಿಸುತ್ತಲೇ ನಡೆಯಿತು.

ಪ್ರಧಾನ್‌ಜೀ ಹೇಳಿದ್ದು ತಪ್ಪೇನಲ್ಲ. ಸಂಜೆ ಅದೇ ಹಾದಿಯಲ್ಲಿ ಅವರ ತಾಯಿ ನಡೆಯುತ್ತಾರೆ. ಆ ಹಗ್ಗಕ್ಕೆ ಅವರ ಕಾಲು ಸಿಕ್ಕಿದ್ದರೆ?

“ಅದಕ್ಕೆ ಇಡೀ ಪಾರ್ಕಿಗೇ ಬೀಗ ಹಾಕ್ತಾರಾ? ಪಾರ್ಕೇನು ಇವರಪ್ಪಂದಾ ಅಂತ ಕೇಳು” ಅಂದಳು ಅಮ್ಮ.

ನಾನು, “ಪಾರ್ಕನ್ನು ನೀವು ಬಹಳ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅಂತಿದಾರೆ ಅಮ್ಮ” ಎಂದು ಹಿಂದಿಯಲ್ಲಿ ಹೇಳಿದೆ. ಪ್ರಧಾನ್‌ಜೀ ಮುಖ ಸ್ವಲ್ಪ ಸಡಿಲವಾಯಿತು.

ಸೈಕಲ್ಲುಗಳೆಲ್ಲ ಒಂದೇ ದಿಕ್ಕಿಗೆ ಹೋಗಲಿ, ದೂರದಿಂದಲೇ ಬೆಲ್ ಹೊಡೆಯಲಿ ಅಂದಳು ಅಮ್ಮ. ಹಗ್ಗವನ್ನು ಗಿಡ್ಡ ಮಾಡಿ ಕೈಗೆ ಸುತ್ತಿಕೊಳ್ಳುತ್ತೇನೆ, ನಾಯಿ ಹುಲ್ಲಿನ ಕಡೆಗೇ ಇರುತ್ತದೆ ಅಂದರು ಆಂಟಿ. ಆಗ ಅಜ್ಜಿ ತಲೆಯೆತ್ತಿ ಕೇಳಿದರು, “ನನಗೆ ಹತ್ತಿರದ ಮಾತು ಬಿಟ್ಟರೆ ಕಿವಿ ಕೇಳಿಸೋಲ್ಲ. ನಿಮ್ಮ ಬೆಲ್ಲು ತಗೊಂಡು ನಾನೇನು ಮಾಡಲಿ?”

“ಅಜ್ಜಿ ತಾತಂದಿರು ಮುಂದಿದ್ದರೆ ನಾವು ಇಳಿದು ದೂಡಿಕೊಂಡು ಹೋಗ್ತೀವಿ” ಎಂದು ನಾನೇ ಹೇಳಿದೆ. ಅಜ್ಜಿ ನನ್ನ ಕೆನ್ನೆ ಮುಟ್ಟಿ, ಒಂದು ಎಳೇ ಬಟಾಣಿ ಬಾಯಿಗಿಟ್ಟರು. “ಭಾನುವಾರ ಬಂದು ತೋರಿಸಿ, ನೋಡೋಣ” ಅಂದರು ಪ್ರಧಾನ್‌ಜೀ.

ಭಾನುವಾರ ಪಾರ್ಕಿನಲ್ಲಿ ಜಾತ್ರೆ. ಸೈಕಲ್ಲಿರುವ ಮಕ್ಕಳೆಲ್ಲ ಬಂದರು, ನಾಯಿಯಿರುವ ಮನೆಗಳವರೆಲ್ಲ ಹಗ್ಗ ಕೈಗೆ ಸುತ್ತಿಕೊಂಡು ಬಂದರು. ಅಪ್ಪ ಫ್ಲಾಸ್ಕಿನಲ್ಲಿ ಚಹಾ ತಂದರು. ಮಾಲಿ ಮಾತ್ರ ಡೇರೆ ಹೂವಿನ ಪಾತಿಯ ಮುಂದೆ ಕೈಕಟ್ಟಿ ಕಾವಲು ನಿಂತ. ಮಕ್ಕಳು ಸಾಲಾಗಿ ಒಂದು ಸುತ್ತು ಹೋದರು. ಅಜ್ಜಿಯ ಹಿಂದೆ ಬಂದಾಗ ಎಲ್ಲರೂ ಇಳಿದರು. ಕೊನೆಗೆ ಅಮ್ಮ. ಆ ದಿನ ಮಂಕಿ ಕ್ಯಾಪು ಇರಲಿಲ್ಲ.

ನಾನು ಕ್ಯಾರಿಯರ್ ಹಿಡಿದು ಓಡಿದೆ. ತಿರುವು ಬರುವ ಮೊದಲೇ ನನ್ನ ಕೈಗೆ ಭಾರ ತಿಳಿಯದಾಯಿತು. ಸೈಕಲ್ಲು ತಾನೇ ಹೋಗುತ್ತಿತ್ತು. ಬಿಟ್ಟೆ.

“ಹಿಡ್ಕೊಂಡಿದೀಯಾ?”

ನಾನು ಓಟ ನಿಲ್ಲಿಸಿದೆ. ಅಮ್ಮ ಬೆಲ್ ಹೊಡೆದಳು. ಪಿಂಕು ಬೆನ್ನು ತಿರುಗಿಸಿ ಕೂತಿತು, ಕೋಹ್ಲಿ ಆಂಟಿ ಸ್ವೆಟರಿನ ಜೇಬಿಗೆ ಕೈ ಹಾಕಿದರು, ಅಮ್ಮ ಅವರ ಪಕ್ಕದಿಂದ ಹಾದುಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಒಂದು ಸುತ್ತು ಮುಗಿಸಿದಳು. ಎರಡನೆಯದಕ್ಕೆ ಹೊರಟಳು. ಮೂರನೆಯದಕ್ಕೂ ಹೊರಟಾಗ ಪ್ರಧಾನ್‌ಜೀ, “ಬಸ್ ಬೆಹೆನ್‌ಜೀ, ಒಪ್ಪಿದೆ, ಸಾಕು” ಎಂದು ಹಿಂದಿಯಲ್ಲಿ ಕೂಗಿ ಹೇಳಿದರು.

“ಪುಟ್ಟಿ, ನಿಲ್ಲಿಸೋದು ಹೇಗೇ?” ಅಂದಳು ಅಮ್ಮ ನಮ್ಮನ್ನು ದಾಟುತ್ತಾ.

ಆಗ ನೆನಪಾಯಿತು. ಅಷ್ಟು ದಿನವೂ ಸೈಕಲ್ಲನ್ನು ನಿಲ್ಲಿಸುತ್ತಿದ್ದವಳು ನಾನು, ಹಿಂದಿನಿಂದ ಜಗ್ಗಿ. ನಾನೂ ಗೆಳೆಯರೂ “ಬ್ರೇಕು, ಬ್ರೇಕು” ಎನ್ನುತ್ತಾ ಹಿಂದೆ ಓಡಿದೆವು. ಅಪ್ಪ ಫ್ಲಾಸ್ಕು ಹಿಡಿದೇ ಓಡಿದರು. ಅಮ್ಮ ಕೊನೆಗೆ ಹುಲ್ಲಿನ ಮೇಲೆ ತಿರುಗಿಸಿ, ವೇಗ ತಗ್ಗಿದಾಗ ಎರಡೂ ಕಾಲು ಊರಿ, ಬಟಾಣಿ ಅಜ್ಜಿಯ ಎದುರಿಗೇ ನಿಂತಳು. ಅವಳ ಮುಖ ಕೆಂಪಾಗಿತ್ತು, ಕೂದಲು ಬಿಚ್ಚಿಹೋಗಿತ್ತು. ಅವಳನ್ನು ಅಷ್ಟು ಚಿಕ್ಕವಳಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ಸಂಜೆಯೇ ಬೋರ್ಡು ಇಳಿಯಿತು. ಫೆಬ್ರವರಿಯಿಂದ ಅಮ್ಮ ಸೈಕಲ್ಲಿನಲ್ಲಿ ಶಾಲೆಗೆ ಹೋದಳು. ನಾವು ಆ ಮನೆ ಬಿಡುವ ತನಕವೂ ಹೋದಳು.

ಈಗ ನಾನಿರುವುದು ಗುರುಗ್ರಾಮದ ಎತ್ತರದ ಫ್ಲಾಟೊಂದರಲ್ಲಿ. ಕೋಹ್ಲಿ ಆಂಟಿ ತೀರಿಕೊಂಡು ಬಹಳ ವರ್ಷವಾಯಿತು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ಸೈಕಲ್ಲಿಗೆ ಬೇರೆ ಹಾದಿ, ನಾಯಿಗಳಿಗೆ ಬೇರೆ ಜಾಗ. ಯಾರೂ ಬೀಳುವುದಿಲ್ಲ, ಯಾರೂ ಕೂಗುವುದಿಲ್ಲ. ಒಳ್ಳೆಯದೇ. ಹೋದ ತಿಂಗಳು ಒಂದು ಸಂಜೆ ನನ್ನ ಮಗಳು ಸೈಕಲ್ಲಿನಲ್ಲಿ ತಿರುವಿಗೆ ವೇಗವಾಗಿ ಬಂದು, ಹಾದಿ ದಾಟುತ್ತಿದ್ದ ಒಂದು ಕಂದು ನಾಯಿಯನ್ನು ಹೆದರಿಸಿದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಅದನ್ನು ಕರೆತಂದಿದ್ದ ಹೆಂಗಸು ನಾಯಿಯನ್ನೆಳೆದುಕೊಂಡು ಲಿಫ್ಟು ಸೇರಿದ್ದರು. ಸ್ವಲ್ಪ ಹೊತ್ತಿಗೆ ಅಪಾರ್ಟ್‌ಮೆಂಟಿನ ಆ್ಯಪಿನಿಂದ ಮೊಬೈಲಿಗೆ ದೂರು ಬಂತು. ದೂರು ಕೊಟ್ಟವರು ಎಂಬಲ್ಲಿ “ಒಬ್ಬ ನಿವಾಸಿ” ಎಂದಷ್ಟೇ ಇತ್ತು. ಹೋಗಿ ಕ್ಷಮೆ ಕೇಳೋಣವೆಂದು ಚಪ್ಪಲಿ ಮೆಟ್ಟಿಕೊಂಡವಳು ಯಾವ ಬಾಗಿಲು ತಟ್ಟಬೇಕೆಂದು ತಿಳಿಯದೆ ಅಲ್ಲೇ ನಿಂತೆ.

“ಅಮ್ಮಾ, ಆ ನಾಯಿ ಹೆಸರೇನು?” ಎಂದು ಮಗಳು ಕೇಳಿದಳು.

ಮೂರು ವರ್ಷಗಳಿಂದ ದಿನವೂ ನೋಡುತ್ತಿದ್ದ ನಾಯಿ. ನನಗೆ ಗೊತ್ತಿರಲಿಲ್ಲ.